ಝಬುಂಬಾ ನನಗೇ ಅಂತ ಊರಿಗೆಲ್ಲ ಹೇಳಿಯಾಗಿತ್ತು

ನಂಬುವುದಿಲ್ಲ ಅಂತಾದರೆ ಈಗಲೇ ಹೇಳಿಬಿಡಿ, ನನಗೇನೂ ಬೇಜಾರಿಲ್ಲ. ಸೌದಿಯ ಮರಳುಗಾಡಿನ ನಡುವೆ, ದನದ ಡಾಕ್ಟರೊಬ್ಬರಿಂದ ಬ್ರೆಜಿಲಿನ ಜನಪದ ಕುಣಿತದ ತಾಳ ಕಲಿತವ ಇಡೀ ಬೆಳ್ತಂಗಡಿ ತಾಲೂಕಿನಲ್ಲಿ ನಾನೊಬ್ಬನೇ. ಬೇರೆ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಎದುರುಬದುರು ನಿಂತು ಬಡಿದೇ ನೋಡುವ. ಉಳಿದವರು ಗಲ್ಫಿಗೆ ಹೋಗುತ್ತಾರೆ, ದುಡಿಯುತ್ತಾರೆ, ಮಲಗುತ್ತಾರೆ, ರಜೆಗೆ ಊರಿಗೆ ಬರುತ್ತಾರೆ. ನನಗೆ ಹಾಗೆ ಸಪ್ಪೆಯಾಗಿ ಬದುಕಲಿಕ್ಕೆ ಆಗುವುದಿಲ್ಲ. ಸುಮ್ಮನೆ ಕೂತರೂ ಏನಾದರೊಂದು ಬಂದು ತಗಲಿಕೊಳ್ಳುತ್ತದೆ, ಅದೂ ನಾಲ್ಕು ಜನ ನೋಡುತ್ತಿರುವಾಗಲೇ.

ಹಸು ಓಡಿಸಿದ್ದು

ನಾನಿರುವುದು ಅಲ್ ಖರ್ಜಿನ ಒಂದು ದೊಡ್ಡ ಡೇರಿಯಲ್ಲಿ. ಹಾಲು ಕರೆಯುವ ಮೆಶಿನಿನ ರಿಪೇರಿ ನನ್ನ ಕೆಲಸ. ಆದರೆ ಊರಲ್ಲಿ ನಾನು ಯಾರು ಅಂತ ಅಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ, ಅದೇ ದೊಡ್ಡ ಸಂಕಟ. ಊರಲ್ಲಿ ಹುಲಿವೇಷಕ್ಕೆ ತಾಸೆ ಬಡಿಯುವವ ನಾನು. ಕುತ್ತಿಗೆಗೆ ವಾದ್ಯ ನೇತುಹಾಕಿಕೊಂಡು ಎರಡು ಕೋಲಿನಲ್ಲಿ ನಾನು ವೇಗ ಏರಿಸಿದೆ ಅಂದರೆ ಹುಲಿಗಳ ಬಣ್ಣ ಬೆವರಿನ ಜೊತೆ ಇಳಿಯಬೇಕು. "ಸಾಕು ಮಾರಾಯ, ಸ್ವಲ್ಪ ಇಳಿಸು" ಅಂತ ಹುಲಿಗಳೇ ಕೈಮುಗಿದದ್ದುಂಟು. ನಾನು ಇಳಿಸಿದವನಲ್ಲ.

ಒಂದು ದಿನ ಮೆಶಿನಿನ ಬಿಡಿಭಾಗ ಬರುವವರೆಗೆ ಕೆಲಸ ಇರಲಿಲ್ಲ. ನೀಲಿ ಪ್ಲಾಸ್ಟಿಕ್ ಡ್ರಮ್ಮು ಒಂದು ಮಗುಚಿ ಬಿದ್ದಿತ್ತು. ಕೈ ಸುಮ್ಮನಿರುತ್ತದಾ? ಬಡಿದೆ. ಪಕ್ಕದ ಓಣಿಯಲ್ಲಿ ಹಾಲು ಕೊಟ್ಟ ಹಸುಗಳು ಸಾಲಾಗಿ ಕೊಟ್ಟಿಗೆಗೆ ಹೋಗುತ್ತಿದ್ದವು. ಅಷ್ಟರಲ್ಲಿ ನಮ್ಮ ದನದ ಡಾಕ್ಟರು ಓಡಿ ಬಂದರು. ಬ್ರೆಜಿಲಿನವರು, ದೊಡ್ಡ ಹೊಟ್ಟೆ, ಬಿಳಿ ಮೀಸೆ. ಅವರು ಮಾತಾಡುವುದು ಅರ್ಧ ಇಂಗ್ಲಿಷು, ಒಂಚೂರು ಹಿಂದಿ, ಉಳಿದದ್ದೆಲ್ಲ ಕೈಸನ್ನೆ. ನಾನು ಅದನ್ನು ನಮ್ಮ ಮಾತಿಗೆ ತಂದು ಹೇಳುತ್ತೇನೆ.

"ಯಾರದು ಬಡಿಯುವುದು?"

ಹೊಗಳಲಿಕ್ಕೆ ಬಂದರು ಅಂತ ಎದೆ ಮುಂದೆ ಮಾಡಿ "ನಾನೇ ಡಾಕ್ಟ್ರೇ!" ಅಂದೆ.

"ಹಸುಗಳು ಓಡ್ತಾ ಉಂಟು. ಯಾವುದಕ್ಕೆ ಕಾಲುನೋವು ಅಂತ ನನಗೆ ಕೇಳುವುದೇ ಇಲ್ಲ."

ಕಾಲುನೋವು ಕೇಳುವುದಾ? ನನಗೆ ನಗು ಬಂತು. ಅವರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಣ್ಣು ಮುಚ್ಚಿದರು. ಸಿಮೆಂಟಿನ ಮೇಲೆ ಗೊರಸಿನ ಸದ್ದು ಟಕ್ ಟಕ್ ಅಂತ ಹೋಗುತ್ತಲೇ ಇತ್ತು. ನನಗೆ ಎಲ್ಲ ಒಂದೇ. ಒಮ್ಮೆಲೇ ಬೆರಳೆತ್ತಿ "ಇದು" ಅಂದರು. ಆ ಹಸುವನ್ನು ಹಿಡಿದು ಹಿಂಗಾಲು ಎತ್ತಿ ನೋಡಿದರೆ ಗೊರಸಿನ ಸಂದಿಯಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು. ನಾನು ಇಷ್ಟು ವರ್ಷ ದನಗಳ ನಡುವೆ ಬೆಳೆದವ, ಆ ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

"ಈಗ ನೀನು ನಡಿ" ಅಂದರು, ಮತ್ತೆ ಕಣ್ಣು ಮುಚ್ಚಿಕೊಂಡು.

ಹುಲಿಯ ಹಾಗೆ ಗತ್ತಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ.

"ಎಡಗಾಲಿನ ಬೂಟು ನಿನ್ನದಲ್ಲ."

ಬಗ್ಗಿ ನೋಡಿದೆ. ಹೌದು, ಅದು ರೂಮಿನವನದ್ದು. ನನ್ನ ಎಡಗಾಲಿನದ್ದು ಹಾಕಿಕೊಂಡು ಅವನು ಆ ಹೊತ್ತಿಗೆ ರಿಯಾದಿಗೆ ಹೋಗಿಯಾಗಿತ್ತು.

ತುಂಬಿಸಿದ ಡಬ್ಬಿ

ಅಂಥ ಕಿವಿ ಇರುವ ಮನುಷ್ಯನನ್ನು ಬಿಡಲಿಕ್ಕುಂಟಾ? ಪ್ರತಿ ಶುಕ್ರವಾರ ಸಂಜೆ ಒಣಹುಲ್ಲಿನ ಶೆಡ್ಡಿನ ಹಿಂದೆ ಅವರು ಎರಡು ಮೂರು ಜನರಿಗೆ ತಮ್ಮೂರ ತಾಳ ಹೇಳಿಕೊಡುತ್ತಿದ್ದರು. ನಾನೂ ಹೋದೆ. ಅಲ್ಲಿ ಒಂದು ಡೋಲು ಕಂಡೆ ನೋಡಿ, ಕಣ್ಣು ಅಲ್ಲೇ ನಿಂತಿತು. ನಮ್ಮ ದೊಡ್ಡ ಪರಾತದಷ್ಟು ಅಗಲ, ಹೆಗಲಿಗೆ ಪಟ್ಟಿ, ಎರಡು ಕಡೆ ಚರ್ಮ. ಹೆಸರು ಝಬುಂಬಾ. ಮೇಲಿನ ಚರ್ಮಕ್ಕೆ ಬಟ್ಟೆ ಸುತ್ತಿದ ಗುಂಡು ಕೋಲಿನಿಂದ ಡಾಕ್ಟರು ಒಮ್ಮೆ ಬಡಿದರೆ ಹೊಟ್ಟೆಯೊಳಗೆ ಧುಂ ಅನ್ನುತ್ತಿತ್ತು. ಕಂಪನಿಯ ಫ್ಯಾಮಿಲಿ ದಿನಕ್ಕೆ ಎಲ್ಲರೆದುರು ನಮ್ಮ ಕಾರ್ಯಕ್ರಮ ಉಂಟು, ಝಬುಂಬಾ ಯಾರಿಗೆ ಅಂತ ಆಮೇಲೆ ಹೇಳುತ್ತೇನೆ ಅಂದರು ಅವರು.

ಆಮೇಲೆ ಎಂತದ್ದು? ನನಗೇ! ಅದೇ ದಿನ ಊರಿಗೆ ಫೋನು ಮಾಡಿ ಅಕ್ಕನ ಗಂಡನಿಗೆ ಹೇಳಿಬಿಟ್ಟೆ. ಭಾವನೂ ತಾಸೆ ಬಡಿಯುವವ, ನನ್ನ ಬಗ್ಗೆ ಹೊಟ್ಟೆಕಿಚ್ಚು ಇದ್ದದ್ದೇ. ಅವನು ನನ್ನನ್ನು ಕರೆಯುವುದೂ ಭಾವ ಅಂತಲೇ.

"ಭಾವ, ನಿನ್ನದು ಬಡಿಯುವುದಲ್ಲ, ಓಡುವುದು" ಅಂದ. "ಆ ಡಾಕ್ಟರಿಗೆ ಗೊತ್ತಾದ ದಿನ ನಿನ್ನನ್ನು ಹಸು ಕಟ್ಟುವ ಕಂಬಕ್ಕೆ ಕಟ್ತಾರೆ."

"ವೀಡಿಯೋ ಕಾಲ್ ಮಾಡ್ತೇನೆ, ಅಮ್ಮನನ್ನೂ ಕೂರಿಸಿಕೊಂಡು ನೋಡು. ಝಬುಂಬಾ ನನ್ನ ಹೆಗಲಲ್ಲಿ ಇರದಿದ್ದರೆ ಕೇಳು."

ಅಷ್ಟು ಹೇಳಿದ ಮೇಲೆ ಮಾನದ ಪ್ರಶ್ನೆ. ಭಾವ ಅದನ್ನು ಹುಲಿವೇಷದ ತಂಡಕ್ಕೆಲ್ಲ ಹೇಳಿಯೂ ಆಯಿತು. ಆದರೆ ಡಾಕ್ಟರು ಮೊದಲ ಪಾಠಕ್ಕೆ ಡೋಲು ಮುಟ್ಟಲಿಕ್ಕೇ ಬಿಡಲಿಲ್ಲ. "ಮುಂದಿನ ವಾರ ಎಲ್ಲರೂ ಒಂದು ಡಬ್ಬಿಗೆ ಕಾಳು ಹಾಕಿಕೊಂಡು ಬನ್ನಿ, ಅಲ್ಲಾಡಿಸಿ ತಾಳ ಹಾಕುವ" ಅಂದರು.

ನನ್ನ ಜೊತೆ ಕಲಿಯುತ್ತಿದ್ದವ ಒಬ್ಬ ಸುಡಾನಿ, ಟ್ರ್ಯಾಕ್ಟರ್ ಓಡಿಸುವವ, ತೆಂಗಿನ ಮರದ ಹಾಗೆ ಉದ್ದ. ಅವನು ಒಂದು ಚಿಕ್ಕ ತಂಪುಪಾನೀಯದ ಡಬ್ಬಿಗೆ ಒಂದು ಹಿಡಿ ಅಕ್ಕಿ ಹಾಕಿಕೊಂಡು ಬಂದಿದ್ದ. ನಾನು ಅಷ್ಟು ಸಣ್ಣದಕ್ಕೆ ಕೈ ಹಾಕುವವನಾ? ಮೆಸ್ಸಿನಿಂದ ದೊಡ್ಡ ಹಾಲುಪುಡಿ ಡಬ್ಬಿ ತಂದು, ಕಾಬೂಲಿ ಕಡಲೆ ಬಾಯಿವರೆಗೆ ತುಂಬಿಸಿ, ಮುಚ್ಚಳ ಒತ್ತಿ ಹಾಕಿದ್ದೆ. ಸದ್ದು ರಿಯಾದಿಗೆ ಕೇಳಬೇಕು ಅಂತ.

ಸುಡಾನಿ ಅಲ್ಲಾಡಿಸಿದ. ಛಕ ಛಕ ಛಕ. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಎರಡೂ ಕೈಯಲ್ಲಿ ಎತ್ತಿ ಅಲ್ಲಾಡಿಸಿದೆ. ಸದ್ದೇ ಇಲ್ಲ. ಮತ್ತೂ ಜೋರಾಗಿ ಅಲ್ಲಾಡಿಸಿದೆ. ತೋಳು ನೋವು ಬಂತು, ಡಬ್ಬಿ ಬಾಯಿ ಬಿಡಲಿಲ್ಲ. ಕಡಲೆಗೆ ಒಳಗೆ ಅಲ್ಲಾಡಲಿಕ್ಕೆ ಜಾಗವೇ ಇಲ್ಲ!

ಡಾಕ್ಟರು ಮುಚ್ಚಳ ತೆಗೆದು ಕಡಲೆಯನ್ನು ಬೊಗಸೆಬೊಗಸೆಯಾಗಿ ಹೊರಗೆ ಹಾಕಿದರು. ತಳದಲ್ಲಿ ಒಂದಿಷ್ಟು ಉಳಿದಾಗ ಅಲ್ಲಾಡಿಸಿದರೆ, ಅಬ್ಬ, ಅದೇ ಡಬ್ಬಿ ಹಾಡಿತು. ಅಷ್ಟರಲ್ಲಿ ಕಡಲೆ ಹುಡುಕಿಕೊಂಡು ಮೆಸ್ಸಿನ ಅಡುಗೆಯವರು ಬಂದರು, ನಮ್ಮ ಕುಂದಾಪುರ ಕಡೆಯವರು. ಹೊರಗೆ ಹಾಕಿದ ರಾಶಿಯನ್ನು ಮಡಿಲಿಗೆ ತುಂಬಿಕೊಂಡು ಹೇಳಿದರು:

"ನಿನ್ನ ವಾದ್ಯವನ್ನು ಈಗ ನೆನೆ ಹಾಕ್ತೇನೆ. ನಾಳೆ ಬೆಳಿಗ್ಗೆ ಪೂರಿಯೊಟ್ಟಿಗೆ ಬಾರಿಸು."

ಡಾಕ್ಟರರ ಹೆಂಡತಿಯ ಕಾಲು

ಡಬ್ಬಿ ದಾಟಿ ಕೊನೆಗೂ ಝಬುಂಬಾ ಹೆಗಲಿಗೆ ಬಂತು, ಕಲಿಯಲಿಕ್ಕೆ ಮಾತ್ರ. ಮೊದಲ ತಾಳದ ಹೆಸರು ಬಯಾಂವ್. ಅವರ ಊರಲ್ಲಿ ಗಂಡ ಹೆಂಡತಿ ಜೊತೆಯಾಗಿ ಕುಣಿಯುವುದು ಅದಕ್ಕೇ ಅಂತೆ. ಧುಂ, ಸ್ವಲ್ಪ ತಡೆದು ಇನ್ನೊಂದು ಧುಂ, ಮತ್ತೆ ಖಾಲಿ. ಇಷ್ಟೇ. ನನಗೆ ಮರ್ಯಾದೆ ಹೋದ ಹಾಗಾಯಿತು. ನಮ್ಮೂರ ಚಿಕ್ಕ ಮಕ್ಕಳು ಊಟದ ತಟ್ಟೆಯ ಮೇಲೆ ಇದಕ್ಕಿಂತ ಹೆಚ್ಚು ಬಡಿಯುತ್ತಾರೆ.

ಡಾಕ್ಟರು ಹೆಂಡತಿಯನ್ನು ಕರೆದರು. ಗಿಡ್ಡ ಹೆಂಗಸು, ತಲೆಕೂದಲು ಪೂರ್ತಿ ನರೆತದ್ದು, ಬೆನ್ನು ಮಾತ್ರ ಕಂಬದ ಹಾಗೆ ನೇರ. ಇಬ್ಬರೂ ಕೈಹಿಡಿದು ನಿಂತರು. ನಾನು ಬಡಿದೆ. ಅವರು ಮರಳಿನ ಮೇಲೆ ಚಪ್ಪಲಿ ಎಳೆದುಕೊಂಡು ಎಂಥ ಹಗುರ ತಿರುಗಿದರು ಅಂದರೆ, ಆ ಹೊಟ್ಟೆ ಇರುವ ಮನುಷ್ಯ ಗಾಳಿಯಲ್ಲಿ ಹೋಗುವ ಬೈಹುಲ್ಲಿನ ಹಾಗೆ. ನೋಡಿ ನನಗೆ ಉಮೇದು ಬಂತು. ಉಮೇದು ಬಂದರೆ ನನ್ನ ಕೈ ಏನು ಮಾಡುತ್ತದೆ ಅಂತ ಹುಲಿಗಳನ್ನು ಕೇಳಿ.

ಸ್ವಲ್ಪ ಹೊತ್ತಿನಲ್ಲಿ ಡಾಕ್ಟರರ ಹೆಂಡತಿ ನಿಂತುಬಿಟ್ಟರು. ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದು ಕೇಳಿದರು: "ಮಗಾ, ನಿನ್ನ ಬಸ್ಸಿಗೆ ಹೊತ್ತಾಯಿತಾ?"

ಸುಡಾನಿ ಹಲ್ಲು ಬಿಟ್ಟ. "ಶ್ವೈ ಶ್ವೈ ಯಾ ಅಖೀ" ಅಂದ. ನಿಧಾನ, ನಿಧಾನ ತಮ್ಮಾ ಅಂತ. ಅವನ ಟ್ರ್ಯಾಕ್ಟರ್ ನೋಡಿದವರಿಗೆ ಗೊತ್ತು, ಅವನು ಓಡಿಸಿದರೆ ನೊಣವೂ ಅದನ್ನು ಹಿಂದೆ ಹಾಕಿ ಹೋಗುತ್ತದೆ.

ಡಾಕ್ಟರು ಬೈಯಲಿಲ್ಲ. ನನ್ನ ಕೈ ಹಿಡಿದು ತಾವೇ ಬಡಿಸಿದರು. ಧುಂ. ಧುಂ. ಆಮೇಲೆ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದರು.

"ಇಲ್ಲಿ ಖಾಲಿ ಜಾಗ ಉಂಟಲ್ಲ, ಇದು ಖಾಲಿ ಅಲ್ಲ. ಇಲ್ಲಿ ನನ್ನ ಹೆಂಡತಿಯ ಕಾಲು ಇರ್ತದೆ. ಅದರ ಮೇಲೆ ಬಡಿಯಬೇಡ."

ಅಂದಿನಿಂದ ಆ ಜಾಗ ಬಂದಾಗಲೆಲ್ಲ ನನಗೆ ಅವರ ಹೆಂಡತಿಯ ಚಪ್ಪಲಿ ಕಾಣುತ್ತದೆ. ಎರಡು ವಾರ ಹಾಗೆ ಕಾದು ಕಾದು ಬಡಿದೆ. ಕೊನೆಗೆ ಡಾಕ್ಟರರ ಹೆಂಡತಿ ಕುಣಿದು ಮುಗಿಸಿ, ನನ್ನ ತಲೆ ಸವರಿ, ಗಂಡನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದರು. ಹೊಗಳಿದ್ದೇ ಇರಬೇಕು ಅಂತ ಆಸೆಯಿಂದ ಕೇಳಿದೆ.

"ಇವತ್ತು ಕಾಲು ತುಳಿಯಲಿಲ್ಲವಂತೆ" ಅಂದರು ಡಾಕ್ಟರು.

ಕೊಟ್ಟಿಗೆ ತುಂಬ ಜನ

ಅಭ್ಯಾಸ ಜೋರಾಯಿತು. ನಾವು ಬಡಿಯತೊಡಗಿದರೆ ಪಕ್ಕದ ಕೊಟ್ಟಿಗೆಯ ಹಸುಗಳೆಲ್ಲ ಮೇವು ಬಿಟ್ಟು ಬೇಲಿಯ ಹತ್ತಿರ ಬಂದು ಸಾಲಾಗಿ ನಿಲ್ಲುತ್ತಿದ್ದವು. ಹಸುವಿಗೆ ಹೊಸ ಸದ್ದು ಕೇಳಿದರೆ ಕುತೂಹಲ, ಡಾಕ್ಟರೇ ಹೇಳಿದ್ದು. ಕಿವಿ ಮುಂದೆ ಮಾಡಿಕೊಂಡು ಅಷ್ಟೂ ನಮ್ಮನ್ನೇ ನೋಡುವುದು. ಅಂಥ ಶ್ರದ್ಧೆಯ ಪ್ರೇಕ್ಷಕರು ಊರಲ್ಲಿ ನನಗೆ ಸಿಕ್ಕಿದ್ದಿಲ್ಲ.

ಭಾವನಿಗೆ ಫೋನಿನಲ್ಲಿ ಹೇಳಿದೆ: "ಪ್ರಾಕ್ಟೀಸಿಗೇ ನಿಲ್ಲಲಿಕ್ಕೆ ಜಾಗ ಇಲ್ಲ ಭಾವ. ಒಬ್ಬರೂ ಎದ್ದು ಹೋಗುವುದಿಲ್ಲ, ಒಬ್ಬರೂ ಮೊಬೈಲು ನೋಡುವುದಿಲ್ಲ."

"ಹೌದಾ? ಒಂದು ಫೋಟೋ ಹಾಕು ನೋಡುವ."

ಫೋಟೋ ಹಾಕಲಿಲ್ಲ, ನೆಟ್‌ವರ್ಕ್ ಇಲ್ಲ ಅಂದೆ. ಆದರೆ ಅದೇ ಹೊತ್ತಿಗೆ ಹಿಂದಿನಿಂದ ಒಬ್ಬ ಪ್ರೇಕ್ಷಕಿ "ಅಂಬಾ" ಅಂದಳು.

ಆಚೆಯಿಂದ ಭಾವ, "ಒನ್ಸ್ ಮೋರ್ ಕೇಳ್ತಾ ಉಂಟಾ ಭಾವ?" ಅಂದ.

ಸಿರಾಂಡಾ

ಫ್ಯಾಮಿಲಿ ದಿನ ಬಂತು. ಚಳಿಗಾಲದ ಸಂಜೆ, ಕ್ಯಾಂಟೀನಿನ ಎದುರಿನ ಹುಲ್ಲುಹಾಸಿನ ಮೇಲೆ ಹೆಂಗಸರು ಮಕ್ಕಳು ತುಂಬಿದ್ದರು. ಡಾಕ್ಟರು ಝಬುಂಬಾ ಎತ್ತಿ ನನ್ನ ಹೆಗಲಿಗೆ ಹಾಕಿದರು. ಹೌದು, ನನ್ನ ಹೆಗಲಿಗೇ! "ಓಡಬೇಡ" ಅಂತ ಒಂದೇ ಮಾತು ಹೇಳಿದರು. ನಾನು ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟೆ. ಆಚೆ ಭಾವ, ಪಕ್ಕದಲ್ಲಿ ಅಮ್ಮ, ಹಿಂದೆ ಹುಲಿವೇಷದ ಅರ್ಧ ತಂಡ.

ಆಟದ ಹೆಸರು ಸಿರಾಂಡಾ. ಎಲ್ಲರೂ ಕೈಕೈ ಹಿಡಿದು ದೊಡ್ಡ ಸುತ್ತು ನಿಲ್ಲುವುದು, ಡೋಲಿನ ಧುಂಗೆ ಒಟ್ಟಿಗೆ ಒಳಗೆ ಹೆಜ್ಜೆ ಇಡುವುದು, ಮತ್ತೆ ಹಿಂದೆ ಬರುವುದು, ಸಮುದ್ರದ ತೆರೆ ಬಂದು ಹೋಗುವ ಹಾಗೆ. ಡಾಕ್ಟರರ ಹೆಂಡತಿ ಒಬ್ಬೊಬ್ಬರ ಕೈಹಿಡಿದು ಎಬ್ಬಿಸಿದರು. ನಮ್ಮ ಮುದೀರ್, ಅಂದರೆ ಡೇರಿಯ ಸೌದಿ ಮ್ಯಾನೇಜರು, ಅವರೂ ಎದ್ದರು. ಅಡುಗೆಯವರು, ಆಫೀಸಿನ ದಪ್ಪ ಅಕೌಂಟೆಂಟು, ಮಕ್ಕಳು, ಎಲ್ಲ ಸೇರಿದರು.

ಧುಂ. ತೆರೆ ಒಳಗೆ ಬಂತು. ಧುಂ. ತೆರೆ ಹಿಂದೆ ಹೋಯಿತು. ಡಾಕ್ಟರು ಹಾಡುತ್ತಿದ್ದರು, ಸುಡಾನಿ ಡಬ್ಬಿ ಅಲ್ಲಾಡಿಸುತ್ತಿದ್ದ. ಎಂಥ ಚಂದ! ಅಷ್ಟರಲ್ಲಿ ಮೊಬೈಲಿನಿಂದ ಭಾವನ ಸ್ವರ:

"ಎಂತ ಭಾವ, ಅಲ್ಲಿ ಯಾರಾದರೂ ತೀರಿಹೋದರಾ?"

ಹಿಂದೆ ಹುಲಿಗಳು ನಕ್ಕವು. ನನ್ನ ರಕ್ತ ತಲೆಗೇರಿತು. ತಾಸೆಯಲ್ಲಿ ಮೇಲಕ್ಕೇರುವಾಗ ನಾನು ಕಣ್ಣು ಮುಚ್ಚುವುದು ಅಭ್ಯಾಸ. ಮುಚ್ಚಿದೆ, ಏರಿಸಿದೆ. ಜನ ಕಿರುಚಿದ್ದು ಕೇಳಿತು. ಮೆಚ್ಚಿದ್ದಾರೆ ಅಂತ ಇನ್ನೂ ಏರಿಸಿದೆ. ಕಿರುಚಾಟ ಹೆಚ್ಚಾಯಿತು, ನಾನೂ ಹೆಚ್ಚು ಮಾಡಿದೆ. ಆಮೇಲೆ ಒಮ್ಮೆಲೇ ಎಲ್ಲ ನಿಶ್ಶಬ್ದ. ಕಣ್ಣು ತೆರೆದೆ.

ಸುತ್ತು ಇರಲಿಲ್ಲ. ಒಳಗೆ ಬಂದ ತೆರೆಗೆ ಹಿಂದೆ ಹೋಗಲಿಕ್ಕೆ ನಾನು ಸಮಯವೇ ಕೊಟ್ಟಿರಲಿಲ್ಲ. ಇಡೀ ಕಂಪನಿ ನಡುವಿನಲ್ಲಿ ಒಗೆಯುವ ಬಟ್ಟೆಯ ಹಾಗೆ ರಾಶಿ ಬಿದ್ದಿತ್ತು. ಅಕೌಂಟೆಂಟು ಅಡುಗೆಯವರ ಮೇಲೆ, ಅಡುಗೆಯವರು ಖರ್ಜೂರದ ತಟ್ಟೆಯ ಮೇಲೆ. ಮುದೀರರ ತಲೆಬಟ್ಟೆಯ ಮೇಲಿನ ಕಪ್ಪು ಬಳೆ ಯಾವುದೋ ಮಗುವಿನ ಕುತ್ತಿಗೆಯಲ್ಲಿ.

ನನ್ನ ಕೈ ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

ಡಾಕ್ಟರು ಆ ರಾಶಿಯ ನಡುವೆ ಹೋಗಿ ನಿಂತು, ಬಲಗಾಲಿನಿಂದ ನೆಲಕ್ಕೆ ಒಂದು ಹೊಡೆದರು. ಹಾಡು ಮತ್ತೆ ಶುರು ಮಾಡಿದರು. ಇನ್ನೊಂದು ಹೊಡೆದರು. ಮೊದಲು ಎದ್ದದ್ದು ಮುದೀರ್, ಬಿದ್ದು ಬಿದ್ದು ನಗುತ್ತಾ. ಆಮೇಲೆ ಮಕ್ಕಳು. ಒಬ್ಬೊಬ್ಬರ ಕಾಲೂ ಆ ಕಾಲಿಗೆ ಹೊಂದಿಕೊಂಡಿತು, ಕೈಗಳು ಕೈಗಳನ್ನು ಹುಡುಕಿದವು, ಸುತ್ತು ಮತ್ತೆ ದೊಡ್ಡದಾಗುತ್ತಾ ಹೋಯಿತು. ಡೋಲಿಲ್ಲ, ಏನಿಲ್ಲ. ಒಂದು ಕಾಲಿನಿಂದ ಬಿದ್ದವರನ್ನೆಲ್ಲ ಎಬ್ಬಿಸಿದ ಮನುಷ್ಯನನ್ನು ನಾನು ಅಂದು ನೋಡಿದೆ. ಕೈಮುಗಿಯುವ ಹಾಗಾಯಿತು, ಆದರೆ ಕೈಯಲ್ಲಿ ಕೋಲಿತ್ತು.

ಅವರು ಹೆಜ್ಜೆ ತಪ್ಪಿಸದೆ ನನ್ನ ಹತ್ತಿರ ಬಂದು, ಝಬುಂಬಾವನ್ನು ನನ್ನ ಹೆಗಲಿನಿಂದ ತೆಗೆದು ಸುಡಾನಿಯ ಹೆಗಲಿಗೆ ಹಾಕಿದರು. ಗುಂಡು ಕೋಲನ್ನೂ ಅವನಿಗೆ ಕೊಟ್ಟರು. "ಮಾಲಿಶ್" ಅಂದ ಅವನು, ಬೇಸರ ಮಾಡಬೇಡ ಅಂತ. ಮೊಬೈಲಿನ ಕಡೆ ನೋಡಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಆಯಿತು, ಇನ್ನು ಊರಿಗೆ ಹೋಗುವುದು ಹೇಗೆ ಅಂತ ನಿಂತಿದ್ದೆ.

ಆಗ ಡಾಕ್ಟರು ಕಿಸೆಯಿಂದ ಕಡ್ಡಿಯಂಥ ಒಂದು ಸಪೂರ ಕೋಲು ತೆಗೆದು ನನ್ನ ಕೈಗಿಟ್ಟು, ಡೋಲಿನ ಕೆಳಗಿನ ಚರ್ಮ ತೋರಿಸಿದರು.

"ಇಲ್ಲಿ ಎಷ್ಟು ಬೇಕಾದರೂ ಓಡು. ಮೇಲೆ ಅವನಿದ್ದಾನೆ."

ನಾನು ಬಗ್ಗಿದೆ. ಮೇಲೆ ಸುಡಾನಿ ನಿಧಾನಕ್ಕೆ ಧುಂ, ಅದು ಮುಗಿಯುವಷ್ಟರಲ್ಲಿ ಅಡಿಯಿಂದ ನನ್ನದು ಟಿಕಿಟಿಕಿಟಿಕಿ. ಅವನು ಅಲ್ಲಾಡಲಿಲ್ಲ, ನಾನು ನಿಲ್ಲಲಿಲ್ಲ. ತೆರೆಯ ಮೇಲೆ ನೊರೆ ಬಂದ ಹಾಗಾಯಿತು ನೋಡಿ! ಸುತ್ತು ಕುಣಿದದ್ದೇ ಕುಣಿದದ್ದು. ಮುದೀರ್ "ಮಾಶಾಅಲ್ಲಾಹ್!" ಅಂದದ್ದು ನನ್ನ ಕಿವಿಗೆ ಬಿತ್ತು, ಅದು ನನಗೇ ಅಂದದ್ದು, ಸಂಶಯ ಬೇಡ.

ಮೊಬೈಲಿನಲ್ಲಿ ಅಮ್ಮ ಕೂಗುತ್ತಿದ್ದರು: "ಮಗಾ, ನೀನು ಕಾಣುವುದೇ ಇಲ್ಲ, ಎಲ್ಲಿದ್ದೀ?"

"ಅತ್ತೆ," ಭಾವ ತೋರಿಸಿಕೊಟ್ಟ, "ಆ ಉದ್ದದವರ ಡೋಲಿನ ಅಡಿಯಲ್ಲಿ ಒಂದು ಕೈ ಕಾಣ್ತದಲ್ಲ, ಅದು ನಿಮ್ಮ ಮಗ."

ಝಬುಂಬಾದ ಕೆಳಗಿನ ಚರ್ಮ ಮತ್ತು ಒಂದು ಸಪೂರ ಕೋಲು. ಕೊನೆಗೆ ನನಗೆ ಕೊಟ್ಟದ್ದು ಅದು.