ಕರ್ನಲ್ ಸಾಹೇಬರ ಸೀಸೆ ಮತ್ತು ನನ್ನ ಮೂಗು

ನಮ್ಮ ದೊಡ್ಡೇರಿಯಲ್ಲಿ ಈಗ ಜನ ನನ್ನ ಮುಖ ನೋಡಿ ಮಾತಾಡುವುದಿಲ್ಲ, ಮೂಗು ನೋಡಿ ಮಾತಾಡುತ್ತಾರೆ. ಮೂಗುತಿ ಹೊಸದೇನಲ್ಲ, ಮದುವೆಯಲ್ಲಿ ಇಟ್ಟದ್ದೇ. ತಪ್ಪೆಲ್ಲ ಒಂದು ಸೀಸೆಯದು.

ನಮ್ಮ ಯಜಮಾನರು ಮೇಷ್ಟ್ರು. ಬೆಳಗ್ಗೆ ಮಕ್ಕಳಿಗೆ ಮದ್ಯಪಾನದ ಕೆಡುಕಿನ ಪಾಠ ಹೇಳಿ, ಸಂಜೆ ಆ ಪಾಠವನ್ನು ಸ್ವಂತ ಪ್ರಯೋಗದಿಂದ ದೃಢಪಡಿಸಿಕೊಂಡು ಮನೆಗೆ ಬರುತ್ತಿದ್ದರು. ನಾನು ಕೊಲ್ಲಾಪುರಮ್ಮನಿಗೆ ಹರಕೆ ಹೊತ್ತೆ: "ತಾಯಿ, ನನ್ನ ಮನೆಗೆ ಸಾರಾಯಿ ವಾಸನೆ ಬರದಂಗೆ ಮಾಡು, ನಿಂಗೆ ಬೆಳ್ಳಿ ಕಣ್ಣು ಮಾಡಿಸ್ತೀನಿ." ತಾಯಿ ಕೇಳಿಸಿಕೊಂಡಳು. ಯುಗಾದಿಗೆ ಇವರು ಕುಡಿತ ಬಿಟ್ಟರು. ಬೆಳ್ಳಿ ಕಣ್ಣು ಮಾತ್ರ ಹಾಗೇ ಉಳಿಯಿತು. ಮೇಷ್ಟ್ರ ಸಂಬಳದಲ್ಲಿ ಕಣ್ಣಿನ ರೆಪ್ಪೆಯೂ ಆಗುವಂತಿರಲಿಲ್ಲ.

ಆಗ ಸೇನೆಯಲ್ಲಿ ಜೀಪು ಓಡಿಸುವ ನನ್ನ ತಮ್ಮ ಹುಚ್ಚಣ್ಣ ರಜೆಗೆ ಬಂದ. ಟ್ರಂಕಿನಿಂದ ಒಂದು ಮರದ ಪೆಟ್ಟಿಗೆ ತೆಗೆದ. ಒಳಗೆ ಸೀಸೆ.

"ಅಕ್ಕಾ, ನಮ್ ಕರ್ನಲ್ ಸಾಹೇಬ್ರು ರಿಟೈರ್ ಆಗ್ತಾ ಕೊಟ್ಟವ್ರೆ. ಸ್ಕಾಚು, ಸಿಂಗಲ್ ಮಾಲ್ಟು. ಪರ್ಪಂಚದಾಗೆಲ್ಲಾ ಆರ್ನೂರೇ ಸೀಸೆ, ಇದು ನೂರಾ ಹನ್ನೊಂದ್ನೇದು. ನಂಗೆ ಹೊಟ್ಟೆ ಹುಣ್ಣು. ಮಾರಿ ಹರಕೆ ತೀರ್ಸ್ಕಳಕ್ಕಾ."

ಸಾರಾಯಿ ಬಿಡಿಸಿದ ದೇವಿಗೆ ಸಾರಾಯಿ ಮಾರಿದ ಕಣ್ಣೇ ಎಂದು ಅಳುಕಿದೆ. ಆದರೆ ಅವಳ ಎಡೆಯ ಪಕ್ಕ ಒಂದು ಕುಡಿಕೆ ಸಾರಾಯಿ ಇಡುವುದು ನಮ್ಮಲ್ಲಿ ಮೊದಲಿಂದ ಬಂದದ್ದೇ. (ಈ ವಿಷಯದಲ್ಲಿ ನನಗಿಂತ ಅವಳಿಗೆ ಮಡಿ ಕಡಿಮೆ.) ನನಗೆ ಭಯವಿದ್ದದ್ದು ಇವರದು. ಆಗಲೇ ಪೆಟ್ಟಿಗೆಗೆ ಮೂರು ಪ್ರದಕ್ಷಿಣೆ ಮುಗಿಸಿದ್ದರು.

"ಬೆಲೆ ಗೊತ್ತಾಗ್ದೆ ಹೆಂಗೆ ಮಾರಾದು? ಒಂದೇ ಒಂದು ತೊಟ್ಟು ನಾಲ್ಗೆ ಮ್ಯಾಲೆ..."

"ಆ ನಾಲ್ಗೆ ಈಗ ಕೊಲ್ಲಾಪುರಮ್ಮಂದು. ಒಳಗಿಟ್ಕಂಡು ಕುಂತ್ಕಳಿ."

ಹಾಗಾಗಿ ಕದರಪ್ಪನವರನ್ನು ಕರೆಸಿದರು. ಸಾರಾಯಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಅಳೆದು ಕೊಟ್ಟವರು. ಕುಡಿತದ ವಿಷಯದಲ್ಲಿ ನಮ್ಮ ಹೋಬಳಿಗೆ ಅವರೇ ಸುಪ್ರೀಂ ಕೋರ್ಟು. ಬಂದವರೇ ಸೀಲು ಒಡೆದರು. ಸೀಸೆ ಕುಲುಕಿ ಗುಳ್ಳೆ ನೋಡಿದರು. ಜಗಲಿ ಕಲ್ಲಿನ ಮೇಲೆ ನಾಲ್ಕು ತೊಟ್ಟು ಬಿಟ್ಟು ಕಡ್ಡಿ ಗೀರಿದರು. ನೀಲಿಯಾಗಿ ಉರಿಯಿತು. ಆಮೇಲೆ ಕಣ್ಣು ಮುಚ್ಚಿ ಒಂದು ಮುಚ್ಚಳ. ತೀರ್ಪು ಬರೆಯಲು ಇನ್ನೊಂದು ಮುಚ್ಚಳವೂ ಬೇಕಾಯಿತು.

"ತಳ ಹಿಡ್ದೈತೆ ಕಣ್ ಮೇಷ್ಟ್ರೇ. ಕಾಯ್ಸೋನು ನಿದ್ದೆ ಹೋಗವ್ನೆ. ಬರೀ ಹೊಗೆ! ಅದ್ಕೇ ಆರ್ನೂರು ಸೀಸೆಗೇ ನಿಲ್ಸವ್ರೆ. ಚೆಲ್ಬ್ಯಾಡಿ ಪಾಪ, ಒಂದು ಹುಂಜ ಕೊಟ್ಬುಟ್ಟು ನಾನೇ ತಗಂಡೋಯ್ತೀನಿ."

"ಹಂಗಾ? ತಳ ಹಿಡ್ದೈತೋ ಇಲ್ವೋ ನಾನೂ ಒಸಿ..." ಎಂದು ಇವರು ಕೈ ಚಾಚಿದರು.

ಬಾಗಿಲ ಹಿಂದೆ ಕೂತು ಕೇಳುತ್ತಿದ್ದ ನನಗೆ ತಡೆಯಲಾಗಲಿಲ್ಲ. ಬೆಳ್ಳಿ ಕಣ್ಣು ಹುಂಜವಾಗುತ್ತಿದೆ, ಹರಕೆಯೇ ಮುರಿದು ಬೀಳುತ್ತಿದೆ! ಹೋಗಿ ಸೀಸೆ ಕಿತ್ತುಕೊಂಡೆ. ಸಂತೆಯಲ್ಲಿ ತುಪ್ಪ ಕೊಳ್ಳುವಾಗ ಮಾಡುವ ಹಾಗೆ ಎರಡು ತೊಟ್ಟು ಮುಂಗೈಗೆ ಉಜ್ಜಿ ಮೂಸಿದೆ.

"ಕದರಪ್ಪಣ್ಣ, ಇದು ತಳ ಹಿಡ್ದಿದ್ದಲ್ಲ. ತಳ ಹಿಡ್ದ ಹಾಲು ಕೊನೇಗೆ ಕಹಿ ನಾರ್ತೈತೆ. ಇದು ಬೆರಣಿ ಉರಿ ಮ್ಯಾಲೆ ಮಣ್ಣಿನ ಗಡಿಗೇಲಿ ದಿನವೆಲ್ಲ ಕಾದ ಹಾಲಿನ ಹೊಗೆ. ಬೇಕಂತ್ಲೇ ಕೊಟ್ಟವ್ರೆ. ಹೊಗೆ ಹಿಂದೆ ಒಣದ್ರಾಕ್ಷಿ ಐತೆ. ಅದರ ಹಿಂದೆ ನಮ್ಮಜ್ಜಿ ಸೀರೆ ಮಡಿಗ್ತಿದ್ದ ಮರದ ಪೆಟ್ಟಿಗೆ."

ಇವರು ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಚೀಟಿ ತೆಗೆದು ಬೆರಳಿಟ್ಟು ಓದಿದರು. ನೆಲದಿಂದ ಅಗೆದು ಒಣಗಿಸಿದ ಯಾವುದೋ ಮಣ್ಣಿನ ಹೊಗೆಯಂತೆ (ಅಂದರೆ ಅವರ ದೇಶದ ಬೆರಣಿ), ಒಣದ್ರಾಕ್ಷಿಯಂತೆ, ಹಳೆಯ ಮರದ ಪೀಪಾಯಿಯಂತೆ. ಕದರಪ್ಪನವರು ಮುಚ್ಚಳ ಕೆಳಗಿಟ್ಟು ನನಗೆ ಎದ್ದು ನಿಂತು ಕೈಮುಗಿದರು. ಅದನ್ನು ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ನೋಡಿದರು. ಕೆಟ್ಟದ್ದು ಅಲ್ಲೇ.

ಶಿರಾದ ಎಣ್ಣೆ ಮಿಲ್ಲಿನ ಸಾಹುಕಾರರು ಅಳಿಯನಿಗೆಂದು ಸೀಸೆ ಕೊಂಡರು. "ಸೀಲು ಒಡೀದೇ ಇದ್ದಿದ್ರೆ ದೇವಿಗೆ ಇಡೀ ಬೆಳ್ಳಿ ಮುಖವಾಡಾನೇ ಆಗೋದಲ್ಲಮ್ಮಾ!" ಎಂದರು. ಇರಲಿ, ನಾನು ಹೇಳಿಕೊಂಡದ್ದು ಕಣ್ಣಷ್ಟೇ. ತಾಯಿ ಒಂದು ಗುಂಜಿಯೂ ಹೆಚ್ಚು ಕೇಳಲಿಲ್ಲ.

ಮಂಗಳವಾರ ತುಂಬಿದ ಗುಡಿಯಲ್ಲಿ ಪೂಜಾರಿ ಅಡವಯ್ಯ ಕಣ್ಣು ಇಟ್ಟು ಆರತಿ ಎತ್ತಿದ. ನನ್ನ ಕಣ್ಣೂ ತುಂಬಿತು. ಅಷ್ಟರಲ್ಲಿ ಅವನು ಎಡೆಯ ಪಕ್ಕದ ಕುಡಿಕೆಯನ್ನು ತಂದು ನೆಟ್ಟಗೆ ನನ್ನ ಮೂಗಿಗೇ ಹಿಡಿದ.

"ಒಸಿ ಮೂಸ್ನೋಡಕ್ಕಾ. ಅಮ್ಮನ ಪಾಲ್ಗೂ ನೀರು ಬೆರೆಸವ್ರೇನೋ ಅಂತ ನಂಗೆ ಅನುಮಾನ."

ಇಡೀ ಗುಡಿ ಕತ್ತು ಚಾಚಿತು. ತಾಯಿ ಹೊಸ ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳೆದುರು ಸುಳ್ಳು ಹೇಳಲಾದೀತೆ?

"ಮುಕ್ಕಾಲು ನೀರು," ಎಂದೆ.

ಈಗ ಐ.ಡಿ.ಹಳ್ಳಿಯಿಂದ, ಹೊಳವನಹಳ್ಳಿಯಿಂದ ಬಸ್ಸು ಹತ್ತಿ ಜನ ಸೀಸೆ ತರುತ್ತಾರೆ. ನಮ್ಮ ಜಗಲಿಯಲ್ಲಿ ಸಾಲು. ಇವರು ಒಂದು ತೊಟ್ಟೂ ಮುಟ್ಟದೆ, ಶಾಲೆಯ ಬೆತ್ತ ಹಿಡಿದು ಸಾಲು ನೇರ ಮಾಡುತ್ತಾರೆ. ಎಲ್ಲ ಮುಗಿಸಿ ನಾನು ಒಳಗೆ ಕಾಲಿಟ್ಟರೆ ಮೂಗು ಮುಚ್ಚಿಕೊಂಡು ಹೊಸ್ತಿಲಲ್ಲೇ ತಡೆಯುತ್ತಾರೆ.

"ಲೇ, ಕೈ ತೊಳ್ಕಂಡ್ ಬಾರೇ. ಈ ಮನೇಗೆ ಸಾರಾಯಿ ವಾಸನೆ ಬರಂಗಿಲ್ಲ, ಹರಕೆ ಐತೆ!"