ಲೋಕಯ್ಯನ ಎರಡನೇ ವಿಸಿಲ್

ಸಾಕ್ಷಾತ್ ಕಲೆಕ್ಟರರೇ ಬಂದು ಕೈಮುಗಿದರೂ ದಾಕಿಗೆ, ಅಂದರೆ ಸಿಡುಬಿನ ಚುಚ್ಚುಮದ್ದಿಗೆ, ತೋಳು ಕೊಡುವವನಲ್ಲ ತಾನೆಂದು ಕಂಡಕ್ಟರ್ ಲೋಕಯ್ಯ ಬಿ.ಸಿ.ರೋಡಿನಲ್ಲಿ ಘೋಷಿಸಿ ವಾರವಾಗಿತ್ತು. ಅದು ಐವತ್ತೆಂಟನೇ ಇಸವಿ. ಊರಿಗೆಲ್ಲ ಸಿಡುಬಿನ ಭಯವಾದರೆ, ಹತ್ತು ವರ್ಷದ ಉಬ್ಬಸದ ಯಜಮಾನನಾದ ಲೋಕಯ್ಯನಿಗೆ ದಾಕಿನದೇ ಭಯ!

"ಹಿಂದೊಮ್ಮೆ ದಾಕು ಹಾಕಿಸಿ ಎಂಟು ದಿನ ದಮ್ಮು ಕಟ್ಟಿತ್ತು," ಎಂದ ಹೆಂಡತಿ ಸುಂದರಿಯೊಡನೆ.

"ಆ ದಿನ ಒಂದು ಇಡೀ ಹಲಸಿನ ಹಣ್ಣು ತಿಂದು, ಮೇಲಿಂದ ಒಂದು ಕಟ್ಟು ಬೀಡಿ ಎಳೆದದ್ದು ಯಾರು?"

"ಹಲಸಿನ ಮುಳ್ಳು ಹೊರಗೆ ಮಾತ್ರ. ದಾಕಿನ ಮುಳ್ಳು ಒಳಗೆ ಹೋಗ್ತದೆ."

ಅಷ್ಟರಲ್ಲಿ ಬಸ್ಸಿನ ಧಣಿಗಳ ಹುಕುಂ ಬಂತು. ಸೋಮವಾರ ಕಕ್ಕಿಂಜೆಗೆ ಹೋದ ಬಸ್ಸು, ದಾಕಿನ ಚೀಟಿ ಇಲ್ಲದ ಕಂಡಕ್ಟರನೊಂದಿಗೆ ತಿರುಗಿ ಬರಕೂಡದು. ಕೆಲಸ ಹೋದರೆ ಲೋಕಯ್ಯನಿಗೆ ಬೇರೆ ಗತಿಯಿರಲಿಲ್ಲ. ದಾಕು ಹಾಕುವ ಇನ್‌ಸ್ಪೆಕ್ಟರರನ್ನು ಹೇಗಾದರೂ ಪುಸಲಾಯಿಸಿ ಬರೀ ಚೀಟಿ ಬರೆಸಿಕೊಳ್ಳುವುದೆಂದು ನಿಶ್ಚಯಿಸಿದ.

ಸೋಮವಾರ ತವರಿಗೆ ಹೊರಟ ಸುಂದರಿ ಬಸ್ಸು ಹತ್ತಿದಳು. ಅವಳ ಹಿಂದೆಯೇ ದಾಕಿನ ಪೆಟ್ಟಿಗೆ ಹಿಡಿದು ಹೆಲ್ತ್ ಇನ್‌ಸ್ಪೆಕ್ಟರ್ ಶೇಖರ ಹತ್ತಿದರು. ಪೆಟ್ಟಿಗೆ ಕಂಡದ್ದೇ ತಡ, ಲೋಕಯ್ಯನ ನಿಶ್ಚಯವೆಲ್ಲ ನೀರಾಯಿತು. ಮೆಲ್ಲನೆ ಇಳಿದು ಬಸ್ಸಿನ ಹಿಂದಿನ ಏಣಿ ಹತ್ತಿ ಅಡಗಿದ. ಭಯಕ್ಕೆ ಉಬ್ಬಸ ಏರಿತು. ಉಸಿರು ಒಳಗೆ ಹೋಗುವಾಗ ಒಂದು 'ಸುಂಯ್', ಹೊರಗೆ ಬರುವಾಗ ಒಂದು 'ಪೀಂಯ್'.

ಬಸ್ಸಿನ ಶಾಸ್ತ್ರದಲ್ಲಿ ಒಂದು ವಿಸಿಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಡ್ರೈವರ್ ಉಮ್ಮರ್ ಹಿಂದೆ ತಿರುಗಿ ನೋಡುವ ಪೈಕಿಯಲ್ಲ. ಎರಡು ಕೇಳಿಸಿತು, ಹೊರಟುಬಿಟ್ಟ.

ಲೋಕಯ್ಯ ಏಣಿಯನ್ನು ತಬ್ಬಿಕೊಂಡು ಜೇಬಿನ ವಿಸಿಲ್ ತೆಗೆದು ನಿಲ್ಲಿಸಲೆಂದು ಒಂದು ಊದಿದ. ಎದೆ ತನ್ನ ಲೆಕ್ಕದ್ದೊಂದು ಸೇರಿಸಿತು. ಉಮ್ಮರ್ ಇನ್ನೂ ಜೋರು ಬಿಟ್ಟ! ಪುಂಜಾಲಕಟ್ಟೆ ಹೋಯಿತು, ಮಡಂತ್ಯಾರು ಹೋಯಿತು. ಕೆಂಪು ಧೂಳು ಮೂಗಿಗೆ ಹೊಕ್ಕಂತೆಲ್ಲ ವಿಸಿಲ್‌ಗಳು ಜೋಡಿ ಜೋಡಿಯಾಗಿ ಹೊರಟವು.

ಬೆಳ್ತಂಗಡಿಯಲ್ಲೂ ಬಸ್ಸು ನಿಲ್ಲದಾಗ, ಹಿಂದಿನ ಕಿಟಕಿಯಲ್ಲಿ ಸುಂದರಿ ಗಂಡನ ಕಾಲು ಕಂಡಳು.

"ಉಮ್ಮರಣ್ಣ, ನಿಲ್ಲಿಸಿ. ಇವರು ಹೊರಗೆ ನೇತಾಡ್ತಾ ಇದ್ದಾರೆ."

"ಹೇಗೆ ನಿಲ್ಲಿಸುವುದು ಅಕ್ಕ? ಹೋಗು ಹೋಗು ಅಂತ ಅವರೇ ವಿಸಿಲ್ ಹಾಕ್ತಾ ಇದ್ದಾರಲ್ಲ."

ಕಡೆಗೆ ಕಕ್ಕಿಂಜೆಯಲ್ಲಿ ರಸ್ತೆಗಡ್ಡ ಒಂದು ಎಮ್ಮೆ ಮಲಗಿತ್ತು. ಅದಕ್ಕೆ ವಿಸಿಲಿನ ಶಾಸ್ತ್ರ ಗೊತ್ತಿರಲಿಲ್ಲವಾದ್ದರಿಂದ ಬಸ್ಸು ನಿಂತಿತು.

ಕೆಳಗಿಳಿಸಿದಾಗ ಲೋಕಯ್ಯ ಹೊಸ ಹಂಚಿನ ಬಣ್ಣಕ್ಕೆ ತಿರುಗಿದ್ದ. ಆದರೂ ಕೆಲಸದ ನೆನಪಾಗಿ, ಅಂಗಿಯ ತೋಳು ಮೇಲೇರಿಸಿ ಇನ್‌ಸ್ಪೆಕ್ಟರರ ಮುಂದೆ ಚಾಚಿದ.

"ಹಾಕಿ... ಮಾರಾಯ್ರೆ... ಹಾಕಿ..."

"ಉಬ್ಬಸ ಇಷ್ಟು ಏರಿರುವಾಗ ಹಾಕುವುದಿಲ್ಲ. ಇಳಿದ ಮೇಲೆ ಹಾಕಿಸಿಕೊಂಡರೆ ಏನೂ ಆಗುವುದಿಲ್ಲ. ಶುಕ್ರವಾರ ಮೂಡುಬಿದಿರೆಗೆ ಬನ್ನಿ," ಎಂದರು ಶೇಖರ, ಪೆಟ್ಟಿಗೆ ಮುಚ್ಚುತ್ತ. "ಹೇಗೂ ಬಸ್ಸಿನವರಿಗೆಲ್ಲ ಹಾಕಿ ಮದ್ದು ಖಾಲಿ. ಬಸ್ಸು ಎಲ್ಲೂ ನಿಲ್ಲದ ಕಾರಣ ಒಬ್ಬರಿಗೂ ಇಳಿದು ಓಡಲಿಕ್ಕೆ ಆಗಲಿಲ್ಲ. ನಿಮ್ಮಂಥ ಕಂಡಕ್ಟರ್ ಊರಿಗೊಬ್ಬ ಬೇಕು."

ಉಮ್ಮರ್ ತಲೆ ತುರಿಸಿಕೊಂಡ. "ಬಸ್ಸು ತಿರುಗಿ ಹೋಗಬೇಕಲ್ಲ. ಚೀಟಿ ಇದ್ದವರು ಯಾರಾದರೂ ವಿಸಿಲ್ ಊದಲಿ."

ಸುಂದರಿ ತನ್ನ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕೊರಳಿನ ಚರ್ಮದ ಚೀಲ ಬಿಡಿಸಿ ತನ್ನ ಹೆಗಲಿಗೆ ಹಾಕಿದಳು. ಲೋಕಯ್ಯ ಏದುಸಿರು ಬಿಡುತ್ತ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತ.

"ಅದು ಹೆಂಗಸರ ಸೀಟು, ಹಿಂದೆ ಹೋಗಿ," ಎಂದಳು ಸುಂದರಿ. "ಟಿಕೇಟು ಎಲ್ಲಿಗೆ?"