ಲಗಮಣ್ಣನ ಅರ್ಧ ದಾಡಿ

ಹಾರೂಗೇರಿಯ ಲಗಮಣ್ಣ ಇಲ್ಲಿತನಕ ಹದಿನೇಳು ಕನ್ಯೆ ನೋಡಿದ್ದ. ಹದಿನೇಳೂ ಮನೆಯವರು "ತಿಳಿಸ್ತೀವಿ" ಅಂದಿದ್ದರು, ಯಾರೂ ತಿಳಿಸಿರಲಿಲ್ಲ. ಹದಿನೆಂಟನೆಯದು ಪಾಲಬಾವಿಯ ರುಕ್ಮವ್ವ. ಅವತ್ತು ಸಂಜೆ ನಾಲ್ಕಕ್ಕೆ ಬರಲು ಹೇಳಿದ್ದರು. "ನಿನಗ ಮೂವತ್ತಾರು ವರ್ಷ ಮುಗಿದಾವು. ಇದೂ ತಪ್ಪಿತಂದ್ರ ನಾ ಇನ್ನ ಯಾರ ಬಾಗಲಾನೂ ಬಡ್ಯಂಗಿಲ್ಲ" ಅಂತ ತಾಯಿ ಕೆಂಚವ್ವ ಖಡಾಖಂಡಿತ ಹೇಳಿ, ತಾನು ಮುಂಚಿತವಾಗಿ ಬಸ್ ಹತ್ತಿದ್ದಳು. ಹಿಂಗಾಗಿ ಲಗಮಣ್ಣ ಮುಂಜಾನೆ ಒಂಬತ್ತಕ್ಕೇ ನಾಮದೇವನ ಕ್ಷೌರದಂಗಡಿಗೆ ಹೋಗಿ ದಾಡಿಗೆ ಕೂತ.

ಎಡಗಲ್ಲ ಮುಗಿದಿತ್ತು. ಬಲಗಲ್ಲಕ್ಕೆ ಸಾಬೂನು ಹಚ್ಚಿದ್ದಷ್ಟೇ, ಬಂಧು ಮಂಡಳದ ಅಧ್ಯಕ್ಷ ಬಾಬಾಸಾಹೇಬ ನಾಲ್ಕು ಮಂದಿ ಕರಕೊಂಡು ಒಳಗೆ ನುಗ್ಗಿದ.

"ನಾಮದೇವಾ, ಖುರ್ಚಿ ಎತ್ತು! ಸಾಲ್ಯಾಗ ಹಲ್ಲಿನ ಡಾಕ್ಟರ್ ಬಂದ ನಿಂತಾರ!"

ಬಂಧು ಮಂಡಳ ಅಂದರೆ ಊರಿನ ಇಪ್ಪತ್ತು ಗಂಡಸರ ಸಂಘ. ಒಬ್ಬರಿಗೊಬ್ಬರು ಬಂಧುಗಳು, ಬಂಧು ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ. ನಾಮದೇವನೂ ಒಬ್ಬ ಬಂಧುವೇ. ಕಾಲು ಸೋತ, ಕಿವಿ ಕೇಳದ, ಕಣ್ಣು ಕಾಣದ ಮಕ್ಕಳ ಮನೆಯಲ್ಲಿ ಆ ಚಿಂತೆಯೊಳಗೆ ಹಲ್ಲಿನ ನೋವು ಯಾರಿಗೂ ನೆನಪಿರುವುದಿಲ್ಲ ಅಂತ, ಆ ವರ್ಷ ಮಂಡಳ ಅಂಥ ಮಕ್ಕಳಿಗಾಗಿಯೇ ಮಿರಜದಿಂದ ಡಾಕ್ಟರನ್ನು ಕರೆಸಿತ್ತು. ಒಳ್ಳೆಯ ಕೆಲಸ, ಸುಳ್ಳಲ್ಲ. ಫೇಟಾ, ಹಾರ, ಲೌಡ್‌ಸ್ಪೀಕರ್ ಎಲ್ಲಾ ತಂದಿದ್ದರು. ಹಿಂದಕ್ಕೆ ವಾಲುವ ಖುರ್ಚಿ ಬೇಕು ಅನ್ನುವುದು ಮಾತ್ರ ಈ ಶಾಣ್ಯಾರಿಗೆ ಹೊಳೆದಿರಲಿಲ್ಲ.

"ನಾ ಕುಂತೀನಲ್ರೀ!" ಅಂದ ಲಗಮಣ್ಣ.

"ಏಳಪಾ. ಕೂಸುಗೋಳು ಹಲ್ಲು ಹಿಡಕೊಂಡ ಅಳಾಕತ್ತಾವು, ನಿನಗ ದಾಡಿ ಚಿಂತಿ!"

ಅವನನ್ನು ಖುರ್ಚಿ ಸಮೇತ ಎತ್ತಿ, ಬಾಗಿಲ ಹತ್ತಿರ ಕೆಳಗೆ ಸುರುವಿ, ಖುರ್ಚಿ ಒಯ್ದರು. ಅದರ ಹಳೇ ಪೆಡಲು ನಾಮದೇವನ ಕಾಲಿಗೆ ಮಾತ್ರ ಬಗ್ಗುತ್ತಿತ್ತು. ಅವನೂ ಕತ್ತಿ ಕಿಸೆಗೆ ಹಾಕಿಕೊಂಡು ಹೋದ.

ಲಗಮಣ್ಣ ಬಸ್‌ಸ್ಟ್ಯಾಂಡಿನ ಜಕ್ಕಪ್ಪನ ಕ್ಷೌರದಂಗಡಿಗೆ ಓಡಿದ. ಜಕ್ಕಪ್ಪ ಗಲ್ಲ ನೋಡಿ ಕೈ ಮುಗಿದುಬಿಟ್ಟ. "ಇದು ನಾಮದೇವ ಹಿಡದ ದಾಡಿ. ಒಬ್ಬ ಅರ್ಧಾ ಮಾಡಿದ ಮಾರಿಗೆ ಇನ್ನೊಬ್ಬ ಕತ್ತಿ ಹಚ್ಚೂದು ನಮ್ಮ ಧಂದೇದಾಗ ಇಲ್ಲ. ಅಂವನ ಕಡೆನ ಮುಗಸಕೋ ಹೋಗ."

ಸಾಬೂನು ಒಣಗಿ ಚರ್ಮ ಹಿಡಿಯತೊಡಗಿತು. ದಾರಿಯಲ್ಲಿ ತಾರವ್ವಜ್ಜಿ ಬೇರೆ ತಡೆದು ಕೇಳಿದಳು: "ಏನಲೇ ಲಗಮ್ಯಾ, ಯಾರ ಮನಿ ಮಜ್ಜಿಗಿ ಗಡಗ್ಯಾಗ ಮಾರಿ ಹಾಕಿದ್ಯೋ?"

ಸಾಲೆಯಲ್ಲಿ ಇಪ್ಪತ್ತು ಬಂಧುಗಳು ಒಬ್ಬರಿಗೊಬ್ಬರು ಫೇಟಾ ಸುತ್ತಿ, ಹಾರ ಹಾಕಿ, ಭಾಷಣ ಮಾಡಿ ಮುಗಿಸುವಷ್ಟರಲ್ಲಿ ಹನ್ನೆರಡಾಯಿತು. ಆಮೇಲೆ ನೋಡಿದರೆ ಒಂದು ಮಗುವೂ ಖುರ್ಚಿ ಹತ್ತಲು ತಯಾರಿಲ್ಲ! ಪಟ್ಟಿಯಲ್ಲಿ ಮೊದಲನೆಯವಳು ಮಲಕವ್ವ. ಎಂಟು ವರ್ಷ, ಪೋಲಿಯೋ ಆದ ಕಾಲಿಗೆ ಕಬ್ಬಿಣದ ಪಟ್ಟಿ, ಬಾಯಿ ಮಾತ್ರ ಬಲು ಜೋರು.

"ನೋಯಂಗಿಲ್ಲ ಅಂತ ಹೇಳಾವ್ರು ಮೊದಲ ತಾವ ಕುಂದರ್ಲಿ" ಅಂದಳು.

ಬಂಧುಗಳೆಲ್ಲ ತಮ್ಮ ತಮ್ಮ ಫೇಟಾ ಸರಿಮಾಡಿಕೊಳ್ಳತೊಡಗಿದರು. ಬಾಗಿಲಲ್ಲಿ ಕಾದು ಬೇಸತ್ತ ಲಗಮಣ್ಣನಿಗೆ ಕಂಡದ್ದು ಖಾಲಿ ಖುರ್ಚಿ ಒಂದೇ. ಓಡಿ ಬಂದು ಕೂತು, ತಲೆ ಹಿಂದಕ್ಕೆ ಚೆಲ್ಲಿದ. "ನಾಮದೇವಾ, ಲಗೂನ ಮುಗಸಪಾ!"

ಚಪ್ಪಾಳೆ ಬಿತ್ತು. ಬಾಬಾಸಾಹೇಬ ಲೌಡ್‌ಸ್ಪೀಕರಿನಲ್ಲಿ ಕೂಗಿದ: "ನಮ್ಮ ಲಗಮಣ್ಣಾರು ಮಕ್ಕಳ ಸಲುವಾಗಿ ತಮ್ಮ ಹಲ್ಲು ಕೊಡಾಕ ಮುಂದ ಬಂದಾರ!"

"ಏ, ನಾ ದಾಡಿ..." ಅಂತ ಬಾಯಿ ತೆಗೆದದ್ದೇ ತಪ್ಪಾಯಿತು. ಡಾಕ್ಟರು ಕನ್ನಡಿ ಒಳಗೆ ಹಾಕಿದರು. ಮುಂದಿನ ಹಲ್ಲು ಅಲ್ಲಾಡುತ್ತದೆ, ಕೀಳಲೇಬೇಕು ಅಂದರು. ಚುಚ್ಚಿದರು, ಎಳೆದರು. ಲಗಮಣ್ಣ ಚೀರಿದ ಸದ್ದಿಗೆ ಗಿಡದ ಕಾಗೆಗಳೆಲ್ಲ ಹಾರಿದವು.

ಮಲಕವ್ವ ತಟ್ಟೆಗೆ ಬಗ್ಗಿ ಹಲ್ಲು ನೋಡಿದಳು, ಆಮೇಲೆ ಲಗಮಣ್ಣನ ಮುಖ ನೋಡಿದಳು. "ಅತ್ತಾನು, ಖರೆ. ಆದ್ರ ಬದುಕ್ಯಾನು. ಸರೀರಿ, ನಾ ಕುಂದರ್ತೀನಿ."

ಅವಳ ಹಿಂದೆ ಇಪ್ಪತ್ತೆರಡು ಮಕ್ಕಳೂ ಸಾಲು ಹಚ್ಚಿದರು. ಲಗಮಣ್ಣ ಬಾಯಲ್ಲಿ ಅರಳೆ ಕಚ್ಚಿಕೊಂಡು ಮೂಲೆಯಲ್ಲಿ ಕೂತ. ಐದರ ತನಕ ಬಾಯಿ ತೆಗೆದರೆ ರಕ್ತ ನಿಲ್ಲುವುದಿಲ್ಲ ಅಂತ ಡಾಕ್ಟರು ಹೆದರಿಸಿದ್ದರು. ಮೂರಕ್ಕೆ ಖುರ್ಚಿ ಖಾಲಿಯಾಯಿತು, ನಾಮದೇವ ಬಲಗಲ್ಲ ಮುಗಿಸಿದ. ಲಗಮಣ್ಣ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಪಾಲಬಾವಿ ಮುಟ್ಟಿದ.

ರುಕ್ಮವ್ವನೇ ಎದುರು ಕೂತು ಕೇಳಿದಳು. "ಹೊಲ ಎಷ್ಟೈತ್ರಿ?"

ಮೂರು ಬೆರಳು ತೋರಿಸಿದ.

"ಸೆರೆ ಕುಡೀತೀರೇನು?"

ಅಡ್ಡಡ್ಡ ತಲೆ ಅಲ್ಲಾಡಿಸಿದ.

"ನಾ ಮಾತಾಡುಮುಂದ ನಡುವ ಬಾಯಿ ಹಾಕ್ತೀರೇನು?"

ಇನ್ನೂ ಜೋರಾಗಿ ಅಡ್ಡಡ್ಡ ಅಲ್ಲಾಡಿಸಿದ. ರುಕ್ಮವ್ವ ತನ್ನ ಎಮ್ಮೆ, ಅತ್ತಿಗೆಯ ಕಿರಿಕಿರಿ, ತಾನು ಕಲಿಯಬೇಕೆಂದಿದ್ದ ಹೊಲಿಗೆ, ಎಲ್ಲಾ ಹೇಳಿದಳು. ಲಗಮಣ್ಣ ತಲೆದೂಗುತ್ತ ಕೇಳಿದ.

ಅವಳು ತಂದೆ ಆಬಾಸಾಹೇಬನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು. "ಅಪ್ಪಾ, ಬಂದಾವ್ರೆಲ್ಲ ತಮ್ಮದ ಹೇಳಿಕೊಂಡ ಹ್ವಾದ್ರು. ನನ್ನ ಮಾತ ಕೇಳಿದಾವ್ರು ಇವರೊಬ್ಬರ. ನನಗ ಒಪ್ಪಿಗಿ ಐತಿ."

ಕೆಂಚವ್ವ ದೇವರಿಗೆ ಕೈ ಮುಗಿದಳು. ಮಾತು ಪಕ್ಕಾ ಮಾಡುವ ಸಕ್ಕರೆ ತಾಟು ಬಂತು. ಗೋಡೆಯ ಗಡಿಯಾರ ಐದು ಹೊಡೆಯಿತು.

"ಅಳ್ಯಾರ, ನೀವೂ ಒಂದ ಮಾತ ಹೇಳಿಬಿಡ್ರಿ" ಅಂದ ಆಬಾಸಾಹೇಬ.

ಲಗಮಣ್ಣ ಅರಳೆ ತೆಗೆದು ನಕ್ಕ. ಹಲ್ಲಿನ ಜಾಗ ಕಿಂಡಿಯಂತೆ ಕಂಡಿತು. ಎಲ್ಲರೂ ಬೆಚ್ಚಿದರು, ರುಕ್ಮವ್ವ ಮಾತ್ರ ಬೆಚ್ಚಲಿಲ್ಲ. "ಹಲ್ಲಿಲ್ಲಂದ್ರ ಏನಾತು, ಕಿವಿ ಅದಾವಲ್ಲ!"

"ಏನ ಹೇಳ್ಲಿರೀ," ಅಂದ ಲಗಮಣ್ಣ. ಇಡೀ ದಿನ ಕಟ್ಟಿಟ್ಟ ಬಾಯಿ ಒಮ್ಮೆಲೇ ಬಿಚ್ಚಿಕೊಂಡಿತು. "ಮುಂಜಾನೆ ಒಂಬತ್ತಕ್ಕ ದಾಡಿಗೆ ಕುಂತಿನ್ರೀ. ಎಡಗಲ್ಲ ಆಗಿತ್ತು. ಈ ನಾಮದೇವ ಅನ್ನಾಂವ ಎಂಥಾಂವ ಅಂದ್ರ..."

"ಹಂಗಲ್ರೀ, ನಾ ಏನಂತೀನಂದ್ರ..." ಅಂದಳು ರುಕ್ಮವ್ವ.

"ತಡೀರಿ, ಮುಂದ ಕೇಳ್ರಿ!"

ಎರಡನೇ ಸಲ ಬಾಯಿ ತೆಗೆದಳು. "ತಡೀರಂದ್ನೆಲ್ರೀ!" ಅಂದ. ಮೇಯಲು ಹೋದ ಎಮ್ಮೆಗಳು ತಿರುಗಿ ಬಂದರೂ ಅವನ ಕಥೆ ಇನ್ನೂ ಜಕ್ಕಪ್ಪನ ಅಂಗಡಿಯಲ್ಲೇ ಇತ್ತು. ರುಕ್ಮವ್ವ ಸಕ್ಕರೆ ತಾಟು ಎತ್ತಿಕೊಂಡು ಒಳಗೆ ಹೋದಳು. "ಅಪ್ಪಾ, ಇದೂ ಅಂಥಾದ್ದ" ಅಂತ ಒಳಗಿಂದ ಕೇಳಿಸಿತು, ಕದ ಹಾಕಿದ್ದೂ ಕೇಳಿಸಿತು.

ಕೆಂಚವ್ವ ಅಳುತ್ತ ಮಗನ ಅಂಗಿ ಜಗ್ಗಿದಳು. "ಏಳೋ ಹುಚ್ಚಾ, ಎಲ್ಲಾ ಮುಗೀತು."

"ಎಲ್ಲಿ ಮುಗದೈತಿ ತಡಿಯವ್ವಾ," ಅಂದ ಲಗಮಣ್ಣ, "ಹಲ್ಲು ಕಿತ್ತಿದ್ದು ಇನ್ನ ಬರಬೇಕು."